ಮಂಡಿಯಲ್ಲಿ ನೀರು



ಮಂಡಿ ಊದಿತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: 'ವಾತ.' ಊದಿದ್ದು ಸವೆತಕ್ಕೋ, ಯೂರಿಕ್ ಆಮ್ಲಕ್ಕೋ, ಒಳಗೆ ಕೀವಾಗಿಯೋ ಎಂದು ಕೇಳುವವರು ಕಡಿಮೆ. ಹೊರಗಿನಿಂದ ಗುರುತು ಹತ್ತುವುದೂ ಕಷ್ಟವೇ. ಗುರುತು ಇರುವುದು ಕೀಲಿನೊಳಗಿನ ನೀರಿನಲ್ಲಿ.

ಆರೋಗ್ಯವಂತರಲ್ಲಿ ಅದು ಮೊಟ್ಟೆಯ ಬಿಳಿಯ ಹಾಗೆ, ಎಳೆದರೆ ಎಳೆಯಾಗಿ ಬರುತ್ತದೆ. 16ನೇ ಶತಮಾನದಲ್ಲಿ ವೈದ್ಯ ಪಾರಾಸೆಲ್ಸಸ್ ಅದನ್ನು 'ಸೈನೋವಿಯಾ' ಎಂದು ಕರೆದ. ಉರಿಯೂತ ಬಂದಾಗ ಎಳೆ ತುಂಡಾಗಿ, ನೀರು ನೀರಾಗಿಯೇ ತೊಟ್ಟಿಕ್ಕುತ್ತದೆ.

ಆದರೆ ವೈದ್ಯರು ಬಹುಕಾಲ ಹುಡುಕಿದ್ದು ಬೇರೆಡೆ. 1797ರಲ್ಲಿ ರಸಾಯನಶಾಸ್ತ್ರಜ್ಞ ವೊಲಾಸ್ಟನ್, ಯೂರಿಕ್ ಆಮ್ಲದಿಂದ ಬರುವ ಕೀಲುರೋಗವಾದ ಗೌಟ್‌ನ ರೋಗಿಯೊಬ್ಬನ ಗಂಟಿನಲ್ಲಿ ಯೂರಿಕ್ ಆಮ್ಲ ಕಂಡ. 1848ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಅದನ್ನು ರೋಗಿಗಳ ರಕ್ತದಲ್ಲೇ ತೋರಿಸಿದ. ಮುಂದೆ ಅವನು ರೂಪಿಸಿದ ಪರೀಕ್ಷೆ ಸೊಗಸಾದದ್ದು: ರಕ್ತದ ತಿಳಿಗೆ ಅಸಿಟಿಕ್ ಆಮ್ಲ ಬೆರೆಸಿ, ಒಂದು ನಾರಿನ ದಾರ ಇಳಿಬಿಟ್ಟು ಕಾಯುವುದು. ಪಾಕದಲ್ಲಿ ದಾರಕ್ಕೆ ಕಲ್ಲುಸಕ್ಕರೆ ಕಟ್ಟುತ್ತದಲ್ಲ, ಹಾಗೆ ಹರಳು ಕಟ್ಟುತ್ತಿತ್ತು. ತೊಂದರೆಯೆಂದರೆ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದ್ದೂ ಗೌಟ್ ಬಾರದವರು ಬಹಳ. ನೋವು ಉಲ್ಬಣಿಸಿದ ದಿನವೇ ಅದರ ಮಟ್ಟ ಸಹಜವಾಗಿ ಕಾಣುವುದೂ ಉಂಟು.

1961ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯರಾದ ಮೆಕಾರ್ಟಿ ಮತ್ತು ಹಾಲೆಂಡರ್ ಕೀಲಿನ ನೀರನ್ನೇ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟರು. ಕಂಡದ್ದು ಸೂಜಿಯಂಥ ಯೂರೇಟ್ ಹರಳುಗಳು, ಕೆಲವಂತೂ ಬಿಳಿ ರಕ್ತಕಣಕ್ಕೇ ಚುಚ್ಚಿಕೊಂಡಂತೆ. ಇಂದಿನ ಉಪಕರಣದಲ್ಲಿ ಅದೇ ಸೂಜಿ ಒಂದು ದಿಕ್ಕಿಗೆ ಹಳದಿ, ತಿರುಗಿಸಿದರೆ ನೀಲಿ. ಮರುವರ್ಷ ಇನ್ನೊಂದು ಬೆರಗು: ಗೌಟ್‌ನಂತೆಯೇ ನರಳುತ್ತಿದ್ದ ಕೆಲವರಲ್ಲಿ ಇದ್ದದ್ದು ಯೂರೇಟ್ ಅಲ್ಲ, ಕ್ಯಾಲ್ಸಿಯಂ ಪೈರೋಫಾಸ್ಫೇಟ್. ಅದಕ್ಕೆ ಹುಸಿ ಗೌಟ್ ಎಂದೇ ಹೆಸರಾಯಿತು.

ಬಿಳಿ ಕಣಗಳ ಎಣಿಕೆಯೂ ಮಾತಾಡುತ್ತದೆ. ಒಂದು ಮೈಕ್ರೋಲೀಟರಿಗೆ 2,000ದೊಳಗಿದ್ದರೆ ಸಾಮಾನ್ಯವಾಗಿ ಸವೆತ, ಮೇಲಿದ್ದರೆ ಉರಿಯೂತ, 50,000 ದಾಟಿದರೆ ಕೀವಿನ ಸಂಶಯ. ಗೌಟ್ ಕೂಡ ಆ ಗೆರೆ ದಾಟಬಲ್ಲದು, ಗೌಟ್, ಕೀವು ಎರಡೂ ಒಟ್ಟಿಗೇ ಇರಬಲ್ಲವು. ಆದ್ದರಿಂದ ಹರಳು ಕಂಡಿತೆಂದು, ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬಿಡುವಂತಿಲ್ಲ. ಈಚೆಗೆ ಪ್ರೋಟೀನುಗಳ ಸರದಿ. ಕೃತಕ ಕೀಲಿನ ಸೋಂಕು ಪತ್ತೆಮಾಡುವ ಆಲ್ಫಾ ಡಿಫೆನ್ಸಿನ್ ಎಂಬ ಪ್ರೋಟೀನಿನ ಪರೀಕ್ಷೆಗೆ 2019ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಆದರೂ ಗೌಟ್ ಹಿಡಿಯಲು ಹಳೆಯ ಸೂಕ್ಷ್ಮದರ್ಶಕವೇ ನನಗೆ ದೊಡ್ಡದು.

ಒಂದೇ ಮಂಡಿ ದಿಢೀರನೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಕೀವು ಕೆಲವೇ ದಿನಗಳಲ್ಲಿ ಕೀಲನ್ನು ತಿನ್ನುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ. ಸೂಜಿ ಹಾಕಿ ನೀರು ತೆಗೆಯಬೇಕೆಂದರೆ ತೆಗೆಸಿಕೊಳ್ಳಿ.