ಗೆಲ್ಲಲು ವ್ಯಾಕರಣ ಬೇಕಾಗುವ ಆಟ

ಇಂಗ್ಲಿಷ್ ಶಿಕ್ಷಕ ಬಂಧುಗಳೇ,

ಇಂಗ್ಲಿಷ್ ವ್ಯಾಕರಣ ಕಲಿಸಲು ಆನ್‌ಲೈನ್‌ನಲ್ಲಿ ಏನೇನು ಸಿಗುತ್ತದೆ ಎಂಬ ಪಟ್ಟಿಯನ್ನು ನನ್ನಿಂದ ನಿರೀಕ್ಷಿಸಿದ್ದರೆ ನಿಮಗೆ ನಿರಾಸೆಯಾದೀತು. ಅಂಥ ಪಟ್ಟಿಗಳು ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಾ ಓಡಾಡುತ್ತಿವೆ. ದೀಕ್ಷಾ ಬಂದಮೇಲೆ ಪಠ್ಯಪುಸ್ತಕದ ಕ್ಯೂಆರ್ ಕೋಡೇ ಒಂದು ಬಾಗಿಲಾಗಿದೆ. ನನ್ನದು ಬೇರೆ ಪ್ರಶ್ನೆ. ನಾವು ವ್ಯಾಕರಣದ ಆಟ ಎಂದು ಕರೆಯುವ ಆಟದಲ್ಲಿ ಗೆಲ್ಲಲು ಮಗುವಿಗೆ ವ್ಯಾಕರಣ ನಿಜಕ್ಕೂ ಬೇಕಾಗುತ್ತದೆಯೇ?

ಕಹೂಟ್ ಆಟವನ್ನೇ ನೋಡೋಣ. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಬಳಕೆಗೆ ಬಂದ ಇದನ್ನು ನಿಮ್ಮಲ್ಲಿ ಹಲವರು ಸ್ಮಾರ್ಟ್ ಕ್ಲಾಸಿನಲ್ಲಿ ಆಡಿಸಿರುತ್ತೀರಿ. ಪರದೆಯ ಮೇಲೆ ಪ್ರಶ್ನೆ, ಕೆಳಗೆ ಕೆಂಪು ತ್ರಿಕೋನ, ನೀಲಿ ವಜ್ರಾಕೃತಿ, ಹಳದಿ ವೃತ್ತ, ಹಸಿರು ಚೌಕ. ಸರಿಯುತ್ತರಕ್ಕೆ ಸಾವಿರದವರೆಗೆ ಅಂಕ, ಬೇಗ ಒತ್ತಿದವರಿಗೆ ಹೆಚ್ಚು. ಮಕ್ಕಳು ಕಿರುಚಾಡುತ್ತಾರೆ, ಮುಖ್ಯೋಪಾಧ್ಯಾಯರು ಬಂದು ಇಣುಕಿ ಸಂತೋಷಪಟ್ಟು ಹೋಗುತ್ತಾರೆ. ಆದರೆ ಆ ಇಪ್ಪತ್ತು ಸೆಕೆಂಡಿನಲ್ಲಿ ಹಿಂದಿನ ಬೆಂಚಿನ ಹುಡುಗನನ್ನು ಗಮನಿಸಿ. ವಾಕ್ಯವನ್ನು ಅವನು ಕೊನೆಯವರೆಗೆ ಓದಿಯೇ ಇರುವುದಿಲ್ಲ. ಪಕ್ಕದವನ ಬೆರಳು ಎತ್ತ ಹೋಯಿತೋ ಅತ್ತ ಇವನದೂ ಹೋಗುತ್ತದೆ. ಅಲ್ಲಿ ಗೆದ್ದದ್ದು ಬೆರಳಿನ ಚುರುಕು. ಒಳಗಿರುವುದು ನಮ್ಮ ಹಳೆಯ ‘ಬಿಟ್ಟ ಸ್ಥಳ ತುಂಬಿರಿ’ಯೇ, ಸಂಗೀತ ಸೇರಿದೆ ಅಷ್ಟೆ. ಕಹೂಟ್ ಬೇಡವೆನ್ನುತ್ತಿಲ್ಲ. ಉತ್ತರದ ಸಮಯವನ್ನು ನಾಲ್ಕು ನಿಮಿಷದವರೆಗೂ ಹಿಗ್ಗಿಸಬಹುದು, ಮೂವರಿಗೊಂದು ಫೋನ್ ಕೊಟ್ಟು ಚರ್ಚಿಸಿದ ಮೇಲೆ ಒತ್ತಲು ಹೇಳಬಹುದು. ಅಷ್ಟು ಮಾಡಿದರೂ ಆಟದ ಗುಣ ಬದಲಾಗುತ್ತದೆ.

ಈ ವಿಚಾರದಲ್ಲಿ ದಾರಿ ಕೇಳಲು ನಾವು ನಾರ್ವೆಗೆ ಹೋಗಬೇಕಿಲ್ಲ. ನಿಮ್ಮಲ್ಲಿ ಬಹುಮಂದಿ ತರಬೇತಿ ಪಡೆದ ಜ್ಞಾನಭಾರತಿಯ ಆರ್‌ಐಇಎಸ್‌ಐ, ಅಂದರೆ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರಳಿನಲ್ಲಿ 1979ರಲ್ಲಿ ಒಂದು ಪ್ರಯೋಗ ಶುರುವಾಯಿತು. ಅದರ ಹಿಂದಿದ್ದವರು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು. ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಧಾರಣ ಶಾಲೆಗಳಲ್ಲಿ ಐದು ವರ್ಷ ನಡೆದ ಆ ಕೆಲಸವನ್ನು ಭಾಷಾಬೋಧನೆ ಓದುವವರು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಹೊರದೇಶದ ಬಿ.ಎಡ್. ವಿದ್ಯಾರ್ಥಿಗಳೂ ಓದುವ ಈ ಹೆಸರು ನಮ್ಮ ಸ್ಟಾಫ್ ರೂಮುಗಳಲ್ಲಿ ಕೇಳಿಬರುವುದು ಅಪರೂಪ!

ಪ್ರಭು ಅವರ ತರಗತಿಯಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಬೋರ್ಡಿನ ಮೇಲೆ ರೈಲಿನ ವೇಳಾಪಟ್ಟಿ ಇರುತ್ತಿತ್ತು, ಇಲ್ಲವೇ ಒಂದು ಊರಿನ ನಕ್ಷೆ. ಈ ರೈಲು ತಪ್ಪಿದರೆ ಮುಂದಿನದು ಯಾವುದು, ಅದು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬಂಥ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳುತ್ತಾ ಮೇಷ್ಟ್ರು ಇಡೀ ತರಗತಿಯ ಜೊತೆ ಒಂದು ಲೆಕ್ಕ ಬಿಡಿಸುತ್ತಿದ್ದರು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಅಂಕ ಉತ್ತರಕ್ಕೆ, ಭಾಷೆಗಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಅರ್ಧದಷ್ಟನ್ನಾದರೂ ಸರಿ ಮಾಡಿದರೆ ಆ ಕೆಲಸ ತಕ್ಕ ಮಟ್ಟದ್ದು ಎಂಬುದು ಅವರ ಲೆಕ್ಕಾಚಾರ. ಯಾವ ಆ್ಯಪ್‌ಗೂ ಇಂದು ನಾವು ಹಚ್ಚಬಹುದಾದ ಒರೆಗಲ್ಲು ಇದು. ಎಲ್ಲರೂ ಹತ್ತಕ್ಕೆ ಹತ್ತು ತೆಗೆಯುವ ಕ್ವಿಜ್‌ನಿಂದ ಏನನ್ನೂ ಕಲಿತಂತಾಗಲಿಲ್ಲ.

ಪ್ರಭು ಅವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಯಮದ ವಿವರಣೆಯನ್ನೇ ಅವರು ಹೊರಗಿಟ್ಟರು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು ಪಾಠ ಮಾಡುವ ನಮಗೆ ಆ ಸ್ವಾತಂತ್ರ್ಯವಿಲ್ಲ. ಆಟ ಮುಗಿದ ಮೇಲೆ ಎರಡು ನಿಮಿಷ ಬೋರ್ಡಿನ ಮುಂದೆ ನಿಂತು ನಿಯಮವನ್ನು ಕನ್ನಡದಲ್ಲೇ ಹೇಳಿಬಿಡುವುದು ಒಳ್ಳೆಯದೆಂದು ನನ್ನ ಅನುಭವ. ಮೊದಲು ಹೇಳಿದ ನಿಯಮ ಕಿವಿಯ ಮೇಲೆ ಹಾದುಹೋಗುತ್ತದೆ. ಸೋತ ಮೇಲೆ ಹೇಳಿದ್ದು ಒಳಗಿಳಿಯುತ್ತದೆ.

ಇನ್ನು ನಮ್ಮ ಮಕ್ಕಳ ತಪ್ಪುಗಳ ವಿಷಯ. ಅಂತರಜಾಲದ ಅಭ್ಯಾಸಗಳಲ್ಲಿ ಹೆಚ್ಚಿನವು ಇಡೀ ಜಗತ್ತಿನ ಕಲಿಯುವವರಿಗಾಗಿ ಮಾಡಿದವು. ಹಿ, ಶಿ ಎರಡರ ನಡುವೆ ಎಡವುವುದು ಚೀನೀ ಮನೆಮಾತಿನವರ ತೊಡಕು. ಅವನು, ಅವಳು ಎಂದು ಆಡಿಕೊಂಡೇ ಬೆಳೆದ ನಮ್ಮ ಮಕ್ಕಳನ್ನು ಅದರ ಮೇಲೆ ಅರ್ಧ ಪೀರಿಯಡ್ ಕೂರಿಸುವುದು ದಂಡ. ನಮ್ಮವರು ಎಡವುವುದು ಬೇರೆ ಕಡೆ. ಮೈಸೂರಿನಿಂದ ಬಂದ, ಚಾಕುವಿನಿಂದ ಕೊಯ್ದ, ಸೋಮವಾರದಿಂದ ಜ್ವರ, ಎರಡು ವರ್ಷದಿಂದ ಇಲ್ಲಿದ್ದೇನೆ: ನಮಗೆ ನಾಲ್ಕಕ್ಕೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷ್ ಅಲ್ಲಿ ಫ್ರಮ್, ವಿತ್, ಸಿನ್ಸ್, ಫಾರ್ ಎಂದು ನಾಲ್ಕು ದಾರಿ ಹಿಡಿಯುತ್ತದೆ. ಹಾಗಾಗಿಯೇ ‘ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂಬ ವಾಕ್ಯ ಒಂಬತ್ತನೇ ತರಗತಿಯ ನೋಟ್ ಪುಸ್ತಕದಿಂದ ಹಿಡಿದು ಉದ್ಯೋಗದ ಅರ್ಜಿಯವರೆಗೂ ಬದುಕಿರುತ್ತದೆ. ಅದರಲ್ಲಿ ಎರಡು ತಪ್ಪು: ಸಿನ್ಸ್ ಬದಲು ಫಾರ್ ಬೇಕು, ಆಮ್ ಬದಲು ಹ್ಯಾವ್ ಬೀನ್ ಬೇಕು. ಎರಡಕ್ಕೂ ಬೇರು ನಮ್ಮ ಕನ್ನಡದ ವಾಕ್ಯದಲ್ಲೇ ಇದೆ. ಇದನ್ನು ಗುರಿಯಿಟ್ಟು ಮಾಡಿದ ಆಟ ಹೊರಗಿನಿಂದ ಬರುವುದೆಂದು ಕಾಯುವುದರಲ್ಲಿ ಅರ್ಥವಿಲ್ಲ, ನಾವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳುವುದು ಕಷ್ಟವೇನಲ್ಲ. ವಾಕ್ಯಗಳ ಹರಾಜು ಎಂಬ ಆಟ ಇಂಗ್ಲಿಷ್ ಕಲಿಸುವವರಲ್ಲಿ ಎಷ್ಟೋ ವರ್ಷಗಳಿಂದ ರೂಢಿಯಲ್ಲಿದೆ. ಬೋರ್ಡಿನ ಮೇಲೋ ಪ್ರೊಜೆಕ್ಟರ್‌ನಲ್ಲೋ ಹತ್ತು ವಾಕ್ಯ, ಅವುಗಳಲ್ಲಿ ಕೆಲವು ಸರಿ, ಕೆಲವು ತಪ್ಪು. ಪ್ರತಿ ಗುಂಪಿನ ಕೈಯಲ್ಲಿ ಸಾವಿರ ರೂಪಾಯಿಯ ಆಟದ ದುಡ್ಡು. ಮೇಷ್ಟ್ರು ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂಬ ವಾಕ್ಯವನ್ನು ಹೊಗಳಿ ಹೊಗಳಿ ಮಾರುತ್ತಾರೆ. ಒಂದು ಗುಂಪು ಐವತ್ತು ಎನ್ನುತ್ತದೆ, ಇನ್ನೊಂದು ಎಂಬತ್ತು. ‘ಏ, ನಿನ್ನೆ ಅಂತ ಇದೆಯಲ್ಲೋ, ಹ್ಯಾಸ್ ಬರಲ್ಲ’ ಎಂದು ಒಬ್ಬಳು ಗುಂಪಿನವನ ಕೈ ಹಿಡಿದು ಎಳೆಯುತ್ತಾಳೆ. ಒಂದು ಸಲ, ಎರಡು ಸಲ, ಮೂರು ಸಲ. ಕೊನೆಗೆ ಸರಿಯಾದ ವಾಕ್ಯ ಹೆಚ್ಚು ಕೊಂಡವರು ಗೆದ್ದರು. ಆ ಹುಡುಗಿ ಕೈ ಹಿಡಿದು ಎಳೆದ ಕ್ಷಣದಲ್ಲಿ ವ್ಯಾಕರಣದ ಬೆಲೆ ಅಕ್ಷರಶಃ ಎಂಬತ್ತು ರೂಪಾಯಿ. ಚರ್ಚೆ ಕನ್ನಡದಲ್ಲಿ ನಡೆದರೆ ನಡೆಯಲಿ. ಗುಂಪಿನಲ್ಲಿ ಮಕ್ಕಳು ಒಬ್ಬರ ತಪ್ಪನ್ನೊಬ್ಬರು ಕಲಿತುಬಿಡುತ್ತಾರೆಂಬ ಅಳುಕು ಪ್ರಭು ಅವರಿಗಿತ್ತು. ಇಲ್ಲಿ ತಪ್ಪಿಗೆ ದುಡ್ಡು ಕಳೆಯುವುದರಿಂದ ಆ ಭಯ ಕಡಿಮೆ.

ಇದರಲ್ಲಿ ಆನ್‌ಲೈನ್ ಎಲ್ಲಿ ಬಂತು ಎಂದು ಕೇಳುತ್ತೀರಿ. ಹರಾಜು ಮುಗಿದ ಮೇಲೆ ತೀರ್ಪು ಕೊಡಲು ಬರುತ್ತದೆ. ಸ್ಕೆಲ್ ಎಂಬ ಉಚಿತ ತಾಣಕ್ಕೆ ಒಂದು ಪದವನ್ನೋ ಪದಗುಚ್ಛವನ್ನೋ ಕೊಟ್ಟರೆ ಅದು ಬಳಕೆಯಾಗಿರುವ ನಿಜವಾದ ವಾಕ್ಯಗಳನ್ನು ಸಾಲಾಗಿ ತೋರಿಸುತ್ತದೆ, ಹೆಚ್ಚೆಂದರೆ ನಲವತ್ತು. ‘ಫಾರ್ ಟೂ ಇಯರ್ಸ್’ ಹಾಕಿ ತೋರಿಸಿ, ಅದರ ಜೊತೆ ಎಂಥ ಕ್ರಿಯಾಪದ ಬಂದಿದೆ ಎಂದು ಮಕ್ಕಳೇ ಹುಡುಕಲಿ. ಮೇಷ್ಟ್ರು ಹೇಳಿದರು ಎನ್ನುವುದಕ್ಕಿಂತ ನಲವತ್ತು ವಾಕ್ಯ ಹೇಳಿದವು ಎನ್ನುವುದಕ್ಕೆ ತೂಕ ಜಾಸ್ತಿ.

ಫೋನಿನ ಮಾತು. ನಮ್ಮ ಶಾಲೆಗಳ ಅನೇಕ ಮಕ್ಕಳ ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಮನೆಗೆಲಸವಾಗಿ ಆ್ಯಪ್ ಕೊಡುವವರು ಇದನ್ನು ಮರೆಯಬಾರದು. ಅಂಥ ಕಡೆ ಪ್ಲಿಕರ್ಸ್ ನನಗೆ ಬಹಳ ಹಿಡಿಸಿದ ಉಪಾಯ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು ಬಿಳುಪಿನ ವಿಚಿತ್ರ ಆಕೃತಿ, ನಾಲ್ಕು ಅಂಚಿನಲ್ಲಿ ಸಣ್ಣಗೆ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯಬೇಕು. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಹಾಯಿಸಿದರೆ ಯಾರು ಏನು ಹೇಳಿದರೆಂಬುದು ದಾಖಲಾಗುತ್ತದೆ. ಒಂದೊಂದು ಕಾರ್ಡಿನ ಆಕೃತಿಯೂ ಬೇರೆಯಾದ್ದರಿಂದ ಪಕ್ಕದವರದ್ದು ನೋಡಿ ತಿರುಗಿಸಿದರೆ ಪ್ರಯೋಜನವಿಲ್ಲ. ಬೆರಳಿನ ಓಟವೂ ಇಲ್ಲಿಲ್ಲ. ಬಾಯಿಬಿಡದೆ ಕೂರುವ ಮಗು ಎಲ್ಲಿ ತಪ್ಪುತ್ತಿದೆ ಎಂಬುದು ಆ ಮಗುವಿಗೆ ನಾಚಿಕೆಯಾಗದಂತೆ ನಮಗೆ ತಿಳಿಯುತ್ತದೆ.

ಚಾಟ್‌ಬಾಟ್‌ಗಳ ಬಗ್ಗೆ ನಾಳೆ ಪ್ರತ್ಯೇಕ ಗೋಷ್ಠಿಯಿದೆ, ನಾನು ಅದರೊಳಗೆ ಕೈಹಾಕುವುದಿಲ್ಲ. ಅಭ್ಯಾಸದ ವಾಕ್ಯ ಬರೆಸಿಕೊಳ್ಳಲು ಅವು ಚೆನ್ನ. ಬರೆಸಿದ್ದನ್ನು ಓದದೆ ಮಕ್ಕಳಿಗೆ ಕೊಡಬೇಡಿ ಎಂದಷ್ಟೇ ಹೇಳುತ್ತೇನೆ.

ಸಂಘಟಕರ ಅನುಮತಿಯಿಂದ ಮಧ್ಯಾಹ್ನದ ಗೋಷ್ಠಿಗೆ ಒಂದು ಕೆಲಸ ಕೊಡುತ್ತಿದ್ದೇನೆ. ಊಟದ ನಂತರ ತಾಲ್ಲೂಕುವಾರು ಕೂತುಕೊಳ್ಳಿ. ಈ ವರ್ಷ ನೀವು ತಿದ್ದಿದ ನೋಟ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಂಡ ಹತ್ತು ತಪ್ಪು ವಾಕ್ಯಗಳನ್ನು ಬರೆಯಿರಿ, ಮಕ್ಕಳ ಹೆಸರು ಬೇಡ. ಪ್ರತಿಯೊಂದರ ಪಕ್ಕದಲ್ಲಿ ಅದರ ಹಿಂದಿರುವ ಕನ್ನಡದ ವಾಕ್ಯ ಇರಲಿ. ನಾಲ್ಕು ಗಂಟೆಗೆ ಆ ಹಾಳೆಗಳನ್ನು ಒಟ್ಟುಮಾಡಿ, ಇದೇ ಸಭಾಂಗಣದಲ್ಲಿ ಮೊದಲ ಹರಾಜು ನಾವೇ ಆಡೋಣ. ವಿಷಯ ಪರಿವೀಕ್ಷಕರೂ ಒಂದು ಗುಂಪಿನಲ್ಲಿ ಕೂರಲು ಒಪ್ಪಿದ್ದಾರೆ.