ಕೃಷಿ ಪಾಠಕ್ಕೆ ಬಂದ ಹೊಸ ಶಿಕ್ಷಕರೊಡನೆ ನಾಲ್ಕು ಮಾತು

(ನಮ್ಮ ಕಡೆಯ ಹೈಸ್ಕೂಲಿಗೆ ಪಾಠಾಭ್ಯಾಸಕ್ಕೆ ಬಂದ ಬಿ.ಎಡ್. ವಿದ್ಯಾರ್ಥಿಗಳನ್ನು ಸಂಘಕ್ಕೆ ಬರಮಾಡಿಕೊಂಡಾಗ ಆಡಿದ ಮಾತಿನ ಬರಹರೂಪ)



ನಾವು ಭಾಷಣ ಮಾಡಿ ಅಭ್ಯಾಸ ಇದ್ದವರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸೀದಾ ತೋಟಕ್ಕೆ ಇಳಿದವರು. ಆದರೆ ಕೃಷಿ ಪಾಠ ಮಾಡಲು ಬಂದವರ ಎದುರು ಕೃಷಿಕರೇ ಬಾಯಿ ಮುಚ್ಚಿ ಕೂತರೆ ಹೇಗೆ ಅಂತ ಅಧ್ಯಕ್ಷರು ಬಿಡಲಿಲ್ಲ.

ಹೈಸ್ಕೂಲಿನಲ್ಲಿ ಕೃಷಿ ಕಲಿಸಬೇಕೆಂಬ ವಿಚಾರ ಹೊಸತೇನಲ್ಲ. 1952-53ರ ಮುದಲಿಯಾರ್ ಆಯೋಗವು ಬಹೂದ್ದೇಶ ಪ್ರೌಢಶಾಲೆಗಳು ಬೇಕು, ಅದರಲ್ಲಿ ಕೃಷಿಯೂ ಒಂದು ವಿಭಾಗ ಆಗಬೇಕು ಎಂದು ಹೇಳಿತ್ತು. ಅಂಥ ಶಾಲೆಗಳಿಗೆ ಶಿಕ್ಷಕರನ್ನು ತಯಾರು ಮಾಡಲು 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಪ್ರಾರಂಭವಾಯಿತು. ಕಾಲೇಜು ಇಂದಿಗೂ ಬೇರೆ ಹೆಸರಲ್ಲಿ ಇದೆ, ಆ ಶಾಲೆಗಳು ಮಾತ್ರ ನಿಲ್ಲಲಿಲ್ಲ. ಈಗ ನಮ್ಮ ಮಕ್ಕಳಿಗೆ ಕೃಷಿ ಸಿಗುವುದು ವಿಜ್ಞಾನ ಪುಸ್ತಕದ ಒಂದೆರಡು ಪಾಠಗಳಲ್ಲಿ. ಅದನ್ನು ಮಾಡುವವರು ನೀವು.

ಮೊದಲ ವಾರ ಕಷ್ಟ ಆಗುತ್ತದೆ. ಪುಸ್ತಕದಲ್ಲಿ ಖಾರಿಫ್, ರಾಬಿ ಅಂತ ಇದೆ. ನಮ್ಮಲ್ಲಿ ಗದ್ದೆ ಇದ್ದ ಕಾಲಕ್ಕೆ ಏಣೆಲು, ಸುಗ್ಗಿ, ಕೊಳಕೆ. ಮಕ್ಕಳಿಗೆ ಎರಡೂ ಸರಿಯಾಗಿ ಗೊತ್ತಿಲ್ಲ, ಯಾಕೆಂದರೆ ಗದ್ದೆಗಳೆಲ್ಲ ಅಡಿಕೆ ತೋಟ ಆಗಿವೆ, ಗುಡ್ಡೆಗೆ ರಬ್ಬರ್ ಹತ್ತಿದೆ. ಅಜ್ಜಿ ಹತ್ತಿರ ಕೇಳಿಕೊಂಡು ಬನ್ನಿ ಅಂತ ಹೇಳಿ ನೋಡಿ, ಮರುದಿನ ಕ್ಲಾಸು ತನ್ನಷ್ಟಕ್ಕೆ ನಡೆಯುತ್ತದೆ. ನಿಮ್ಮಲ್ಲಿ ಒಬ್ಬರು ಟೀಚರಮ್ಮ ವಿಜಯಪುರ ಕಡೆಯವರಂತೆ. ಅಡಿಕೆ ಮರವನ್ನು ಹತ್ತಿರದಿಂದ ನೋಡಿದ್ದು ಇಲ್ಲಿಗೆ ಬಂದ ಮೇಲೆಯೇ ಅಂತ ಅಂಜಿಕೆಯಿಂದ ಹೇಳಿದರು. ಅಂಜಬೇಡಿ ತಾಯಿ. ಜೋಳ, ತೊಗರಿ ನಮ್ಮ ಮಕ್ಕಳೂ ನೋಡಿಲ್ಲ. ಮಳೆ ಕಡಿಮೆ ಬೀಳುವಲ್ಲಿ ಹೇಗೆ ಬೆಳೆ ತೆಗೆಯುತ್ತಾರೆ ಎಂಬುದನ್ನು, ಘಟ್ಟದ ಬುಡದಲ್ಲಿ ನಾಲ್ಕು ತಿಂಗಳು ಕೊಡೆ ಹಿಡಿಯುವ ಈ ಮಕ್ಕಳಿಗೆ ಹೇಳುವವರು ಯಾರು?

ಹೋದ ವಾರ ನಡೆದದ್ದನ್ನು ಹೇಳಲೇಬೇಕು. ಹತ್ತನೇ ಕ್ಲಾಸಿನಲ್ಲಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕುವ ಪ್ರಯೋಗ. ಮೊಳೆ ಕೆಂಪಾಯಿತು. ಹಿಂದಿನ ಬೆಂಚಿನ ಒಬ್ಬ, ನಮ್ಮ ಸದಸ್ಯರೊಬ್ಬರ ಮಗ, ಪರೀಕ್ಷೆಯಲ್ಲಿ ಅಷ್ಟಕ್ಕಷ್ಟೆ, ಎದ್ದು ನಿಂತು 'ಸಾರ್, ಇದು ಮೈಲುತುತ್ತಲ್ವಾ? ಅದಕ್ಕೇ ಅಪ್ಪ ಕಬ್ಬಿಣದ ಬಕೆಟಲ್ಲಿ ಕರಗಿಸಲು ಬಿಡುವುದಿಲ್ಲ' ಅಂದನಂತೆ. ಹೊಸ ಮಾಸ್ತರು ಅವನನ್ನು ಕೂರಿಸಲಿಲ್ಲ, ಮುಂದೆ ಕರೆದು ಬೋರ್ಡಿನ ಹತ್ತಿರ ನಿಲ್ಲಿಸಿದರು. ಅವನು ಬೋರ್ಡೋ ದ್ರಾವಣದ ಲೆಕ್ಕ ಪೂರ್ತಿ ಹೇಳಿದ: ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗಲ್ಲ. ಕೊನೆಗೆ ಉಜ್ಜಿದ ಚೂರಿ ಅದ್ದಿ ನೋಡಬೇಕು, ಕೆಂಪು ಹತ್ತಿದರೆ ಸುಣ್ಣ ಸಾಲದು. ಚೂರಿಗೂ ಮೊಳೆಗೂ ಆದದ್ದು ಒಂದೇ ಅಂತ ಮಾಸ್ತರು ಸಮೀಕರಣ ಬರೆದು ತೋರಿಸಿದರು. ಇಷ್ಟು ವರ್ಷ ಚೂರಿ ಅದ್ದುತ್ತಾ ಬಂದ ನಮಗೂ ಅದರ ಕಾರಣ ತಿಳಿದದ್ದು ಮೊನ್ನೆಯೇ, ಆ ಹುಡುಗ ಮನೆಯಲ್ಲಿ ಹೇಳಿದ್ದು ಅಂಗಡಿ ಜಗಲಿಗೆ ಬಂದ ಮೇಲೆ.

ಬೋರ್ಡೋದ ಕತೆಯೂ ಕ್ಲಾಸಿಗೆ ಆಗುತ್ತದೆ. 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೆಂದು ಮಿಲಾರ್ಡೆ ಎಂಬವರು ಪ್ರಚಾರಕ್ಕೆ ತಂದ ಔಷಧಿ. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ಕೋಲ್‌ಮನ್ ಸಾಹೇಬರು ಮಲೆನಾಡಿನ ತೋಟಗಳಲ್ಲಿ ಕೊಳೆರೋಗ ಅಭ್ಯಾಸ ಮಾಡಿ ಇದನ್ನು ಅಡಿಕೆಗೆ ಹೊಡೆಸಿದರು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿ. ಹೆಬ್ಬಾಳದ ಕೃಷಿ ಶಾಲೆಯೂ ಅವರ ಕಾಲದ್ದೇ, 1913ರದ್ದು. ಜಗತ್ತಿನ ವಿಜ್ಞಾನಿಗಳು ಇಂದಿಗೂ ಆ ರೋಗಕ್ಕೆ 'ಕೊಳೆರೋಗ' ಅಂತಲೇ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿ, ಅವರ ಮನೆ ಮಾತು ಇಂಗ್ಲಿಷ್ ಪುಸ್ತಕದಲ್ಲಿದೆ ಅಂತ ಗೊತ್ತಾಗಲಿ.

ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಸಂಘದ ಮಹಾಸಭೆಗೆ ಬರುವ ತಲೆಗಳನ್ನು ನೋಡಿದರೆ ಬಿಳಿಯೇ ಜಾಸ್ತಿ. ಮರ ಹತ್ತುವವರಿಲ್ಲದೆ ಒಂದು ಮದ್ದು ಹದಿನೈದು ದಿನ ತಡವಾದರೆ ಗೊನೆ ಬುಡದಲ್ಲಿ ಬಿದ್ದಿರುತ್ತದೆ. ಕಾರ್ಬನ್ ಫೈಬರ್ ದೋಟಿ ಬಂದದ್ದು ಒಂದು ಉಪಕಾರ, ಆದರೆ ದೋಟಿ ಹಿಡಿಯಲಿಕ್ಕೂ ಜನ ಬೇಕಷ್ಟೆ. 2019ರ ಆಗಸ್ಟಿನ ನೆರೆಯಲ್ಲಿ ಹೊಳೆ ಬದಿಯ ತೋಟಕ್ಕೆ ಮರಳು ತುಂಬಿದಾಗ ತೆಗೆಯಲು ಬಂದವರಲ್ಲಿ ಬೆಂಗಳೂರಿಂದ ರಜೆ ಹಾಕಿ ಬಂದ ಮಕ್ಕಳೂ ಇದ್ದರು. ಮರಳು ತೆಗೆದು ವಾಪಸು ಹೋದರು. ಹೋದದ್ದು ತಪ್ಪೆಂದು ನಾವು ಹೇಳುವುದಿಲ್ಲ, ಸಂಬಳ ಅಲ್ಲಿದೆ. ಆದರೆ ತೋಟದ ಕೆಲಸ ಓದಲಾಗದವನ ಕೆಲಸ ಎಂಬ ಮಾತು ಶಾಲೆಯಿಂದ ಬರಬಾರದು. 'ಓದದಿದ್ದರೆ ಮಣ್ಣು ಹೊರಲು ಹೋಗು' ಅಂತ ಮಾಸ್ತರೊಬ್ಬರ ಬಾಯಲ್ಲಿ ಬಂದರೆ, ಮಣ್ಣು ಹೊರುವ ಅಪ್ಪನ ಮಗ ಆ ದಿನ ತಲೆ ಎತ್ತುವುದಿಲ್ಲ.

ಕೆಲವು ಮಕ್ಕಳು ಮೇ ಕೊನೆಯಿಂದ ಮದ್ದಿನ ದಿನ ಮನೆಯಲ್ಲಿ ಇರುತ್ತಾರೆ. ಶಾಲೆ ಶುರುವಾದ ಮೇಲೂ ಇದು ನಡೆದರೆ ನಮಗೆ ತಿಳಿಸಿ, ಹೆತ್ತವರ ಹತ್ತಿರ ನಾವು ಮಾತಾಡುತ್ತೇವೆ. ಎರಡನೇ ಮದ್ದು ಮೊದಲಿನದಾಗಿ 40-45 ದಿನಕ್ಕೆ, ಅದನ್ನು ಆದಿತ್ಯವಾರಕ್ಕೆ ಹೊಂದಿಸಬಹುದು.

ಆಡಳಿತ ಮಂಡಳಿಯಲ್ಲಿ ಮಾತಾಡಿ ಆಗಿದೆ. ಬರುವ ಶನಿವಾರ ಮಧ್ಯಾಹ್ನ ಮೇಲೆ ಒಂಬತ್ತನೇ, ಹತ್ತನೇ ಮಕ್ಕಳನ್ನು ಕರಕೊಂಡು ಸಂಘದ ಗೋದಾಮಿಗೆ ಬನ್ನಿ. ಮೈಲುತುತ್ತು, ಸುಣ್ಣ, ಪ್ಲಾಸ್ಟಿಕ್ ಡ್ರಮ್ಮು, ಕೈಗವುಸು ಸಂಘದ್ದು. ಕಲಸುವುದು ದೊಡ್ಡವರು, ಮಕ್ಕಳು ಚೂರಿ ಅದ್ದಲಿ. ಅಲ್ಲಿಂದ ತೋಟಕ್ಕೆ ಹತ್ತು ನಿಮಿಷದ ದಾರಿ. ಇಂಬಳ ಇದೆ, ಕಾಲಿಗೆ ಹಚ್ಚಲು ಸುಣ್ಣ ಅಲ್ಲೇ ಇಡುತ್ತೇವೆ. ಚಹಾ, ಅವಲಕ್ಕಿಯ ವ್ಯವಸ್ಥೆ ನಿರ್ದೇಶಕರದ್ದು.