ತೋಟದ ಕೆರೆಯಲ್ಲಿ ಊರ ಮೀನು, ಪರವೂರ ಮೀನು

ಅಡಿಕೆ ತೋಟದ ಕೆರೆಯಲ್ಲಿ ನಮ್ಮ ತೋಡಿನ ಮೀನುಗಳ ಜೊತೆ ಅಂಗಡಿಯ ಬಣ್ಣದ ಮೀನುಗಳನ್ನೂ ಸಾಕಬಹುದೇ ಎಂದು ಹಲವರು ಕೇಳುತ್ತಾರೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನೂ ಈ ಹುಚ್ಚು ಹಚ್ಚಿಕೊಂಡವನೇ. ನಮ್ಮ ಕಾಸರಗೋಡಿನ ಗುಡ್ಡದ ಬದಿಯಲ್ಲಿ, ಸುರಂಗದ ನೀರು ಬಂದು ಬೀಳುವ ಕೆರೆ ನನ್ನದು.

ಚಳಿದೇಶದವರು ಬಿಸಿ ಸೀಮೆಯ ಮೀನನ್ನು ಹೊರಗಿನ ಕೊಳಕ್ಕೆ ಬಿಟ್ಟರೆ ಚಳಿಗಾಲಕ್ಕೆ ಮುಂಚೆ ಮನೆಯೊಳಗೆ ತರಬೇಕಾಗುತ್ತದೆ. ನಮಗೆ ಆ ಚಿಂತೆಯಿಲ್ಲ. ಗಪ್ಪಿ, ಮೋಲಿ, ಏಂಜೆಲ್ ಮೀನುಗಳು ವರ್ಷವಿಡೀ ಬದುಕುತ್ತವೆ. ಗೋಲ್ಡ್ ಫಿಶ್ ಮಾತ್ರ ಚೀನಾದ ತಂಪುನೀರಿನ ಮೂಲದ್ದು; ಏಪ್ರಿಲ್ ಬಿಸಿಲಿಗೆ ನೆರಳು ಹುಡುಕುತ್ತದೆ.

ನಮ್ಮ ಮೀನುಗಳೇನೂ ಚಂದದಲ್ಲಿ ಕಡಿಮೆಯಲ್ಲ. ನೀರಿನ ಮೇಲ್ಮೈಯಲ್ಲೇ ಓಡಾಡುವ, ತಲೆಯ ಮೇಲೆ ಬೆಳ್ಳಿಬೊಟ್ಟಿರುವ ಪುಟ್ಟ ಮೀನನ್ನು ನೀವೆಲ್ಲ ಕಂಡಿದ್ದೀರಿ. ಮಲೆಯಾಳದಲ್ಲಿ ಅದು ಮಾನತ್ತುಕಣ್ಣಿ, ಆಕಾಶಕ್ಕೆ ಕಣ್ಣು ನೆಟ್ಟದ್ದು. ಸೊಳ್ಳೆಮರಿ ತಿನ್ನಲು ಗಪ್ಪಿಯೇ ಬೇಕೆಂದಿಲ್ಲ, ಇದೂ ತಿನ್ನುತ್ತದೆ. ಗಪ್ಪಿ ಮರಿ ಹಾಕಿದರೆ ಅದನ್ನೂ ಬಿಡುವುದಿಲ್ಲ! 2010ರಲ್ಲಿ ಕೇರಳದ ರಾಜ್ಯ ಮೀನೆಂದು ಘೋಷಿತವಾದ ಕರಿಮೀನು ಹಿನ್ನೀರಿನದಾದರೂ ಸಿಹಿನೀರಿಗೆ ಒಗ್ಗುತ್ತದೆ. ಮೊಟ್ಟೆಯಿಟ್ಟ ಮೇಲೆ ಗಂಡುಹೆಣ್ಣು ಎರಡೂ ಕಾವಲು ನಿಲ್ಲುತ್ತವೆ. ಆಗ ಏಂಜೆಲ್ ಹತ್ತಿರ ಸುಳಿದರೆ ಅಟ್ಟಿ ಓಡಿಸುತ್ತವೆ.

ಅಂಗಡಿಯ ಮೀನನ್ನು ತಂದ ದಿನವೇ ಕೆರೆಗೆ ಬಿಡಬಾರದು. ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿದೆಯೇ ನೋಡಬೇಕು. ಸುರಂಗದ ನೀರು ಕಲ್ಲಿನ ಮೇಲೆ ಎತ್ತರದಿಂದ ಬೀಳುವಂತೆ ಮಾಡಿದರೆ ಗಾಳಿ ಸೇರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಪ್ರಾಣವಾಯು ಸಾಲದು ಎಂದರ್ಥ.

ಒಂದು ತಪ್ಪನ್ನು ಹೇಳಲೇಬೇಕು. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಟ್ಟ ದಿನ, ಬೋರ್ಡೋ ಕಲಸಿದ ಡ್ರಮ್ಮನ್ನು ನಾನೇ ಕೆರೆಯ ದಂಡೆಯಲ್ಲಿ ತೊಳೆದೆ. ಮೈಲುತುತ್ತದ ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಿ ಇನ್ನೂ ಕಟು. ಮರುದಿನ ಊರ ಮೀನು, ಪರವೂರ ಮೀನು ಎಂಬ ಭೇದವಿಲ್ಲದೆ ತೇಲುತ್ತಿದ್ದವು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಪಾಚಿ ತಿನ್ನುತ್ತದೆಂದು ಅಂಗಡಿಯವ ಹೇಳಿದ್ದಕ್ಕೆ ಐದು ಸಕ್ಕರ್ ಮೀನು ತಂದು ಬಿಟ್ಟೆ. ದಕ್ಷಿಣ ಅಮೆರಿಕದ ಮೀನದು, ಮೈಯೆಲ್ಲ ಒರಟು ಚಿಪ್ಪು. ಅದು ಮೊಟ್ಟೆಯಿಡಲು ದಂಡೆಗೆ ಬಿಲ ಕೊರೆಯುತ್ತದೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಟಿಯ ಒಂದು ರಾತ್ರಿ ಕೆರೆ ತುಂಬಿ ತೋಡಿಗೆ ಹರಿಯಿತು. ಬೆಳಗ್ಗೆ ನೋಡಿದರೆ ತೋಡಿನಿಂದ ಒಂದು ಮುಗುಡು ತಾನಾಗಿ ಹತ್ತಿ ಬಂದಿದೆ. ನೆರೆಹೊರೆಯವರನ್ನು ಕರೆದು ತೋರಿಸಿ ಸಂತೋಷಪಟ್ಟೆ. ಅದು ಹತ್ತಿ ಬಂದ ದಾರಿಯಲ್ಲೇ ನನ್ನ ಮೀನು ಇಳಿದುಹೋದೀತೆಂದು ಆಗ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಕೆಸರು ತೆಗೆಯಲು ನೀರು ಇಳಿಸಿದಾಗ ಸಕ್ಕರ್ ಸಿಕ್ಕಿದ್ದು ಎರಡೇ. ಜೀವಮಾನವೆಲ್ಲ ಲೆಕ್ಕ ತಾಳೆ ನೋಡಿದವನಿಗೆ ಆ ಮೂರರ ಲೆಕ್ಕ ಇಂದಿಗೂ ಸಿಕ್ಕಿಲ್ಲ.

ನಮ್ಮ ತೋಡು ಪಯಸ್ವಿನಿಗೆ ಸೇರುತ್ತದೆ, ಪಯಸ್ವಿನಿ ಚಂದ್ರಗಿರಿಗೆ. ಕೆಂಪುಗೆರೆಯ ಚೆಂಕಣಿಯಾನ್, ಪೇಟೆಯವರು ಮಿಸ್ ಕೇರಳ ಎನ್ನುವ ಮೀನು, ಚಂದ್ರಗಿರಿಯಲ್ಲೂ ಇದೆ. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದು ಸಹಜವಾಗಿ ಇಲ್ಲ. ಈಗ ಅಳಿವಿನಂಚಿನ ಪಟ್ಟಿಗೆ ಸೇರಿದೆ. 2018ರ ಮಹಾಮಳೆಯ ಬಳಿಕ ಚಾಲಕ್ಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಬಲೆಗೆ ಬಿತ್ತು. ಅದೂ ಯಾರದೋ ಕೊಳದಿಂದ ತಪ್ಪಿಸಿಕೊಂಡದ್ದೇ. ಚಳಿದೇಶದಲ್ಲಾದರೆ ಹಾಗೆ ತಪ್ಪಿಸಿಕೊಂಡದ್ದು ಚಳಿಗೆ ಸಾಯುತ್ತದೆ. ಇಲ್ಲಿ ಸಾಯುವುದಿಲ್ಲ.

ಕಂಡಿಗೆ ಬಲೆ ಕಟ್ಟಿದರೆ ಸಾಲದೇ ಎಂದು ಕೇಳಬಹುದು. ಕಟ್ಟಿದ್ದೆ. ತರಗೆಲೆ ತುಂಬಿ ನೀರು ಬಲೆಯ ಮೇಲಿನಿಂದಲೇ ಹೋಯಿತು. ಮರಿಗಳಂತೂ ಎಂಥ ಕಣ್ಣಿನಲ್ಲೂ ನುಸುಳುತ್ತವೆ.

ಈಗ ಕೆರೆಯಲ್ಲಿ ಊರ ಮೀನುಗಳು ಮಾತ್ರ ಇವೆ. ಗಪ್ಪಿ, ಏಂಜೆಲ್‌ಗಳಿಗೆ ಅಂಗಳದ ಮಾಡಿನ ಕೆಳಗೆ, ಮಳೆನೀರು ಬೀಳದ ಸಿಮೆಂಟು ತೊಟ್ಟಿ ಕಟ್ಟಿಸಿದ್ದೇನೆ. ಮಿಕ್ಕ ಎರಡು ಸಕ್ಕರ್‌ಗಳೂ ಅಲ್ಲೇ ಇವೆ. ಯಾರಿಗಾದರೂ ಮೀನು ಸಾಕಿ ಬೇಸರ ಬಂದಿದ್ದರೆ ತೋಡಿಗೆ ಬಿಡಬೇಡಿ. ಅಂಗಡಿಗೇ ಮರಳಿಸಿ, ಇಲ್ಲವೇ ತೊಟ್ಟಿಯಿದ್ದವರಿಗೆ ಕೊಡಿ. ನನ್ನ ತೊಟ್ಟಿಯಲ್ಲಿ ಇನ್ನೂ ಸ್ವಲ್ಪ ಜಾಗವಿದೆ.